ಊರು ಪಾಲಿಕೆಗೆ, ಪಾಲಿಕೆ ಆಡಳಿತಾಧಿಕಾರಿಗೆ: ಬೃಹತ್ ಮೈಸೂರಿನ ಗೊಂದಲದ ಒಳಗೇನಿದೆ?

ಮೈಸೂರಿನ ರಿಂಗ್ ರಸ್ತೆ ದಾಟಿದರೆ ಸಿಗುವ ಊರುಗಳಲ್ಲಿ ಈಗ ಕೇಳಿಸುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ನಾವು ಪಾಲಿಕೆಗೆ ಸೇರಿದ್ದೀವಾ, ಇನ್ನೂ ಪಂಚಾಯ್ತೀಲೇ ಇದ್ದೀವಾ? ಈ ವರ್ಷದ ಕಂದಾಯ ಎಲ್ಲಿ ಕಟ್ಟೋದು? ಇ-ಸ್ವತ್ತು ಮಾಡಿಸಿದ್ದು ನಡೆಯುತ್ತೋ, ಮತ್ತೆ ಖಾತೆಗೆ ಅಲೀಬೇಕೋ? ಎಲೆಕ್ಷನ್ ಯಾವಾಗ?

ಗೊಂದಲಕ್ಕೆ ಕಾರಣವಿದೆ. ಹೂಟಗಳ್ಳಿ ನಗರಸಭೆಯನ್ನೂ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳನ್ನೂ ಸುತ್ತಲ ಹಳ್ಳಿಗಳನ್ನೂ ಒಳಗೆ ತೆಗೆದುಕೊಂಡು ‘ಬೃಹತ್ ಮೈಸೂರು’ ಮಾಡುವ ಪ್ರಸ್ತಾವ ಒಂದು ಕಡೆ. ಹಾಗೆ ಒಳಗೆ ತೆಗೆದುಕೊಳ್ಳಬೇಕಾದ ಪಾಲಿಕೆಯ ಕೌನ್ಸಿಲ್ ಅವಧಿ 2023ರಲ್ಲೇ ಮುಗಿದು, ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಕೈಗೆ ಹೋಗಿರುವುದು ಇನ್ನೊಂದು ಕಡೆ. ಪತ್ರಿಕೆಯಲ್ಲಿ ಇವೆರಡು ಬೇರೆ ಬೇರೆ ಪುಟದ ಸುದ್ದಿ. ಜನರ ಪಾಲಿಗೆ ಎರಡೂ ಒಂದೇ ಸುದ್ದಿಯ ಎರಡು ತುದಿ: ನಮ್ಮ ಬೀದಿಯ ಬಗ್ಗೆ ಯಾರು ತೀರ್ಮಾನ ಮಾಡುತ್ತಾರೆ, ಅವರು ನಮಗೆ ಎಷ್ಟು ದೂರದಲ್ಲಿದ್ದಾರೆ ಎನ್ನುವುದು.

ಯಾರ ಅವಧಿ ಯಾವಾಗ ಮುಗಿಯಿತು

ಪಾಲಿಕೆಯ 65 ವಾರ್ಡುಗಳಿಗೆ 2018ರ ಆಗಸ್ಟ್ 31ರಂದು ಮತದಾನ ನಡೆದಿತ್ತು. ಆ ಕೌನ್ಸಿಲ್ 2023ರ ನವೆಂಬರ್‌ನಲ್ಲಿ ಮನೆಗೆ ಹೋಯಿತು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಕಥೆ ಇನ್ನೂ ಹಳೆಯದು. 2016ರಲ್ಲಿ ಗೆದ್ದವರ ಅವಧಿ 2021ಕ್ಕೆ ಮುಗಿದು, ಅಧ್ಯಕ್ಷರ ಕುರ್ಚಿಗಳು ಅಂದಿನಿಂದ ಖಾಲಿ ಬಿದ್ದವು. ಗ್ರಾಮ ಪಂಚಾಯಿತಿ ಸದಸ್ಯರು ಆಯ್ಕೆಯಾದದ್ದು 2020ರ ಡಿಸೆಂಬರ್‌ನಲ್ಲಿ. ಅವರ ಐದು ವರ್ಷವೂ 2026ರ ಆರಂಭಕ್ಕೆ ತುಂಬಿತು.

ಇಲ್ಲೊಂದು ಲೆಕ್ಕ ಬಹಳ ಜನಕ್ಕೆ ತಲೆಕೆಡಿಸುತ್ತದೆ. 2018ರಲ್ಲಿ ಮತ ಹಾಕಿದ ಕೆಲವು ನಗರಸಭೆ, ಪುರಸಭೆಗಳಲ್ಲಿ ಸದಸ್ಯರು 2025ರವರೆಗೂ ಇದ್ದದ್ದು ಹೇಗೆ? ಐದು ವರ್ಷವನ್ನು ಎಣಿಸುವುದು ಮತದಾನದ ದಿನದಿಂದಲ್ಲ, ಮೊದಲ ಸಭೆ ಸೇರಿದ ದಿನದಿಂದ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿನಲ್ಲಿ ಸಿಕ್ಕಿಕೊಂಡಿದ್ದರಿಂದ ಅಲ್ಲೆಲ್ಲ ಮೊದಲ ಸಭೆಯೇ ಎರಡು ವರ್ಷ ತಡವಾಯಿತು. ಗೆದ್ದವರು ಗೆದ್ದೂ ಅಧಿಕಾರವಿಲ್ಲದೆ ಕೂತಿದ್ದರು, ಆಮೇಲೆ ಪೂರ್ತಿ ಐದು ವರ್ಷ ಪಡೆದರು.

ಸಂವಿಧಾನ ಈ ವಿಷಯದಲ್ಲಿ ಅಡ್ಡಗೋಡೆ ಮೇಲೆ ದೀಪ ಇಟ್ಟಿಲ್ಲ. 1992ರ 73 ಮತ್ತು 74ನೇ ತಿದ್ದುಪಡಿಗಳು ಹೇಳುವುದು ಸ್ಪಷ್ಟ: ಅವಧಿ ಐದು ವರ್ಷ, ಒಂದು ದಿನವೂ ಹೆಚ್ಚಿಲ್ಲ, ಅದು ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು. ಮಧ್ಯದಲ್ಲಿ ವಿಸರ್ಜನೆಯಾದರೂ ಆರು ತಿಂಗಳೊಳಗೆ ಚುನಾವಣೆ. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ 2006ರಲ್ಲೂ, ಮಧ್ಯಪ್ರದೇಶದ ಪ್ರಕರಣದಲ್ಲಿ 2022ರಲ್ಲೂ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ವಾರ್ಡ್ ಗಡಿ ಸರಿಯಾಗಿಲ್ಲ, ಮೀಸಲಾತಿ ಪಟ್ಟಿ ಸಿದ್ಧವಿಲ್ಲ ಎನ್ನುವುದು ಚುನಾವಣೆ ಮುಂದೂಡಲು ಕಾರಣವಾಗದು ಎಂದಿತು.

ಹಾಗಾದರೆ ಮುಂದೆ ಹೋಗುವುದು ಹೇಗೆ?

ಯಾರೂ ‘ಚುನಾವಣೆ ಬೇಡ’ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಸರಪಳಿಯ ಒಂದು ಕೊಂಡಿ ಸಡಿಲಬಿಟ್ಟರೆ ಸಾಕು. ಚುನಾವಣೆಗೆ ವಾರ್ಡ್ ಗಡಿ ಬೇಕು, ಗಡಿಗೆ ಜನಸಂಖ್ಯೆಯ ಲೆಕ್ಕ ಬೇಕು, ಗಡಿ ಆದ ಮೇಲೆ ಮೀಸಲಾತಿ ಪಟ್ಟಿ, ಪಟ್ಟಿ ಆದ ಮೇಲೆ ಮತದಾರರ ಪಟ್ಟಿ. ಗಡಿ, ಮೀಸಲಾತಿಯ ಕೆಲಸ ಸರ್ಕಾರದ ಕೈಯಲ್ಲಿದ್ದರೆ ರಾಜ್ಯ ಚುನಾವಣಾ ಆಯೋಗ ಕೈಕಟ್ಟಿ ಕೂರಬೇಕು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಲ್ಲಿ ಆದದ್ದು ಇದೇ. 2021ರಲ್ಲಿ ಆಯೋಗ ಕ್ಷೇತ್ರಗಳನ್ನು ವಿಂಗಡಿಸಿ ಮುಗಿಸಿದ ಮೇಲೆ, ಕಾಯ್ದೆಗೆ ತಿದ್ದುಪಡಿ ತಂದು ಆ ಅಧಿಕಾರವನ್ನೇ ಬೇರೊಂದು ಆಯೋಗಕ್ಕೆ ಕೊಡಲಾಯಿತು. ಕೆಲಸ ಮೊದಲಿನಿಂದ ಶುರು. ಹಿಂದುಳಿದ ವರ್ಗಗಳ ಮೀಸಲಾತಿಗೆ ಅಧ್ಯಯನದ ಆಧಾರ ಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಬಂದ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ 33 ಶೇಕಡಾ ಮೀಸಲಾತಿಗೆ ಶಿಫಾರಸು ಮಾಡಿತು. ಆ ಕಾರಣವೂ ಅಲ್ಲಿಗೆ ತೀರಿತ್ತು. ಆದರೂ ಚುನಾವಣೆ ಬರಲಿಲ್ಲ.

ಮೈಸೂರಿನ ಮಟ್ಟಿಗೆ ಇದಕ್ಕೆ ಇನ್ನೊಂದು ಕೊಂಡಿ ಸೇರಿದೆ. ಊರಿನ ಗಡಿಯೇ ಬದಲಾಗುವುದಾದರೆ ಹಳೆಯ 65 ವಾರ್ಡಿಗೆ ಚುನಾವಣೆ ಯಾಕೆ, ಹೊಸ ಗಡಿ ಆದ ಮೇಲೆ ಮಾಡಿದರಾಯಿತು ಎನ್ನುವ ವಾದ. ಮೇಲ್ನೋಟಕ್ಕೆ ಸರಿ ಅನ್ನಿಸುತ್ತದೆ. ಆದರೆ ಗಡಿ ವಿಸ್ತರಣೆಗೆ ಗಡುವೆಂಬುದಿಲ್ಲ, ಚುನಾವಣೆಗೆ ಇದೆ. ಗಡುವಿಲ್ಲದ ಕೆಲಸಕ್ಕೆ ಗಡುವಿರುವ ಕೆಲಸವನ್ನು ಕಟ್ಟಿಹಾಕಿದರೆ ಯಾವುದು ಸೋಲುತ್ತದೆ ಎಂಬುದು ಗೊತ್ತಿರುವುದೇ. ಜನಗಣತಿಗಾಗಿ ಆಡಳಿತದ ಗಡಿಗಳನ್ನು 2025ರ ಡಿಸೆಂಬರ್ 31ರೊಳಗೆ ಅಂತಿಮಗೊಳಿಸಿ ಎಂದು ಕೇಂದ್ರ ಹೇಳಿತ್ತು. ವರ್ಷದ ಕೊನೆಗೆ ಊರು ಸೇರಿಸುವ ಕಡತಗಳು ಎಲ್ಲ ಕಡೆ ಓಟ ಕಿತ್ತದ್ದಕ್ಕೆ ಅದೂ ಒಂದು ಕಾರಣ.

ಶಾಸಕರ ಪಕ್ಷ ಯಾವುದೇ ಇರಲಿ, ಸ್ಥಳೀಯ ಚುನಾವಣೆಯ ಬಗ್ಗೆ ಅವರಿಗೆ ಉತ್ಸಾಹ ಕಡಿಮೆ. ಕಾರ್ಪೊರೇಟರ್ ಇಲ್ಲದ ವಾರ್ಡಿನಲ್ಲಿ ಗುದ್ದಲಿಪೂಜೆ ಯಾರದ್ದು ಎಂದು ಯೋಚಿಸಿದರೆ ಸಾಕು.

ಹಳ್ಳಿ ನಗರವಾದರೆ ಬದಲಾಗುವುದೇನು

ಗ್ರಾಮ ಪಂಚಾಯಿತಿ ನಡೆಯುವುದು 1993ರ ಪಂಚಾಯತ್ ರಾಜ್ ಕಾಯ್ದೆಯಡಿ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳಿಗೆ 1964ರ ಪೌರಸಭೆಗಳ ಕಾಯ್ದೆ, ಮಹಾನಗರ ಪಾಲಿಕೆಗೆ 1976ರ ಕಾಯ್ದೆ. ಸಾಮಾನ್ಯವಾಗಿ 10 ಸಾವಿರ ಜನ ದಾಟಿದರೆ ಪಟ್ಟಣ ಪಂಚಾಯಿತಿ, 20 ಸಾವಿರಕ್ಕೆ ಪುರಸಭೆ, 50 ಸಾವಿರಕ್ಕೆ ನಗರಸಭೆ, 3 ಲಕ್ಷಕ್ಕೆ ಪಾಲಿಕೆ. ಜನಸಂಖ್ಯೆಯ ಜೊತೆ ಕನಿಷ್ಠ ಅರ್ಧದಷ್ಟು ಮಂದಿ ಬೇಸಾಯವಲ್ಲದ ಕಸುಬಿನಲ್ಲಿ ಇರಬೇಕು ಎಂಬ ಷರತ್ತೂ ಇದೆ. ಆಕ್ಷೇಪಣೆ ಸಲ್ಲಿಸುವವರು ಮರೆತುಬಿಡುವುದು ಇದನ್ನೇ.

ಖಾತೆ ವಿಚಾರದಲ್ಲಿ ಹೆದರಿಕೆ ವಾಸ್ತವಕ್ಕಿಂತ ಹೆಚ್ಚು. ಪಂಚಾಯಿತಿಯಲ್ಲಿ ಆಸ್ತಿ ದಾಖಲೆಯಾಗಿ ಇ-ಸ್ವತ್ತು ತಂತ್ರಾಂಶದ ನಮೂನೆ 9, 11ಎ ಅಥವಾ 11ಬಿ ಇರುತ್ತದೆ. ನಗರದಲ್ಲಿ ಇ-ಆಸ್ತಿ ತಂತ್ರಾಂಶ, ಕ್ರಮಬದ್ಧ ಆಸ್ತಿಗೆ ಎ ಖಾತೆ, ಅಲ್ಲದ್ದಕ್ಕೆ ಬಿ ಖಾತೆ. ಊರು ಸೇರಿತು ಎಂದ ಮಾತ್ರಕ್ಕೆ ಮಾಲೀಕತ್ವ ಹೋಗುವುದಿಲ್ಲ. ದಾಖಲೆ ಹೊಸ ತಂತ್ರಾಂಶಕ್ಕೆ ಸಾಗಬೇಕು ಅಷ್ಟೇ. ಕೆಡುವುದು ಆ ಸಾಗಾಟದಲ್ಲಿ. ಪಂಚಾಯಿತಿಯ ಪುಸ್ತಕದಲ್ಲಿ ತಾತನ ಹೆಸರಿದ್ದು ಕ್ರಯಪತ್ರದಲ್ಲಿ ಮೊಮ್ಮಗನ ಹೆಸರಿದ್ದರೆ, ಚೆಕ್ಕುಬಂದಿಯಲ್ಲಿ ಪೂರ್ವ-ಪಶ್ಚಿಮ ಅದಲುಬದಲಾಗಿದ್ದರೆ, ಅಳತೆ ಅಡಿಯಲ್ಲಿದ್ದದ್ದನ್ನು ಮೀಟರಿಗೆ ತಿರುಗಿಸುವಾಗ ತಪ್ಪಿದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಸೇರ್ಪಡೆಗೆ ಮೊದಲೇ ಪಂಚಾಯಿತಿಯಿಂದ ನಮೂನೆಗಳ ದೃಢೀಕೃತ ಪ್ರತಿ, ಹಿಂದಿನ ವರ್ಷಗಳ ಕಂದಾಯದ ರಸೀದಿ, ನೀರಿನ ಸಂಪರ್ಕದ ರಸೀದಿ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಕಚೇರಿ ಮುಚ್ಚಿ ಪುಸ್ತಕಗಳು ಗಂಟುಕಟ್ಟಿ ಬೇರೆ ಕಟ್ಟಡಕ್ಕೆ ಹೋದ ಮೇಲೆ ಒಂದು ಪುಟ ಹುಡುಕಿಸುವುದು ಸುಲಭವಲ್ಲ.

ತೆರಿಗೆ ಮಾತ್ರ ನಿಜಕ್ಕೂ ಹೆಚ್ಚುತ್ತದೆ. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಆಸ್ತಿ ತೆರಿಗೆ ನೋಂದಣಿ ಇಲಾಖೆಯ ಮಾರ್ಗಸೂಚಿ ದರಕ್ಕೆ ತಗುಲಿಕೊಂಡಿದೆ. ರಿಂಗ್ ರಸ್ತೆಯ ಆಚೆ ಭೂಮಿಯ ಬೆಲೆ ಏರಿದ ಹಾಗೆ ತೆರಿಗೆಯೂ ಏರುತ್ತದೆ, ಮನೆಯವರ ಆದಾಯ ಏರಿರಲಿ ಬಿಡಲಿ. ಖಾಲಿ ನಿವೇಶನಕ್ಕೂ ತೆರಿಗೆ ಇರುವುದರಿಂದ ಮನೆ ಪಕ್ಕದ ಕಣ, ಹುಲ್ಲು ಮೆದೆ ಹಾಕುವ ಜಾಗ ಯಾವ ಲೆಕ್ಕಕ್ಕೆ ಬರುತ್ತದೆ ಎಂಬ ಪ್ರಶ್ನೆ ಏಳುತ್ತದೆ. ಗ್ರಾಮೀಣ ಉದ್ಯೋಗ ಖಾತ್ರಿಯ ಕೆಲಸವೂ ಅಲ್ಲಿಗೆ ನಿಲ್ಲುತ್ತದೆ. ಮಂಡ್ಯ ಜಿಲ್ಲೆಯ ಮದ್ದೂರು ನಗರಸಭೆಗೆ ಸೇರಿಸುವುದನ್ನು ವಿರೋಧಿಸಿ ಗೆಜ್ಜಲಗೆರೆಯ ಜನ ಬೀದಿಗಿಳಿದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹೆದ್ದಾರಿ ಪಕ್ಕದ ಊರು, ಹಾಲು ಒಕ್ಕೂಟದ ಘಟಕ ಇರುವ ಊರು. ಹೊರಗಿನವರಿಗೆ ಪೇಟೆ ಹಾಗೆ ಕಾಣುತ್ತದೆ. ಒಳಗೆ ದನಕರು, ಗದ್ದೆ, ಕಬ್ಬಿನ ಬದುಕು.

ಹತ್ತು ಸದಸ್ಯರಿಂದ ಮೂರನೇ ಒಂದು ಭಾಗಕ್ಕೆ

ತೆರಿಗೆಗಿಂತ ದೊಡ್ಡ ಬದಲಾವಣೆಯ ಬಗ್ಗೆ ಮಾತು ಕಡಿಮೆ. ಗ್ರಾಮ ಪಂಚಾಯಿತಿಯಲ್ಲಿ 400 ಜನಕ್ಕೆ ಒಬ್ಬ ಸದಸ್ಯ. ಅಂದರೆ 4,000 ಜನರ ಊರಿಗೆ ಹತ್ತು ಮಂದಿ, ಅದರಲ್ಲಿ ಅರ್ಧ ಹೆಂಗಸರು. ಮೈಸೂರು ಪಾಲಿಕೆಯಲ್ಲಿ 2011ರ ಜನಗಣತಿಯ ಸುಮಾರು 8.9 ಲಕ್ಷವನ್ನು 65 ವಾರ್ಡಿಗೆ ಹಂಚಿದರೆ ತಲಾ 13 ಸಾವಿರಕ್ಕೂ ಹೆಚ್ಚು. ಈಗಿನ ಜನಸಂಖ್ಯೆ ಹಿಡಿದರೆ ಇನ್ನೂ ಜಾಸ್ತಿ. ಅದೇ 4,000 ಜನರ ಊರು ಪಾಲಿಕೆಗೆ ಸೇರಿದರೆ ಒಬ್ಬ ಕಾರ್ಪೊರೇಟರ್‌ನ ವಾರ್ಡಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ನಲ್ಲಿಯಲ್ಲಿ ನೀರು ಬರದಿದ್ದರೆ ಬೆಳಿಗ್ಗೆ ಮೆಂಬರ್ ಮನೆ ಬಾಗಿಲಿಗೆ ಹೋಗಿ ನೀರುಗಂಟಿಯನ್ನು ಕರೆಸುವ ದಾರಿ ಅಲ್ಲಿಗೆ ಮುಚ್ಚಿತು. ಇನ್ನು ವಲಯ ಕಚೇರಿ, ದೂರು ಸಂಖ್ಯೆ.

ಇದಕ್ಕಿಂತ ಸೂಕ್ಷ್ಮವಾದ ನಷ್ಟ ಗ್ರಾಮಸಭೆಯದ್ದು. ಪಂಚಾಯಿತಿ ಸದಸ್ಯರ ಅವಧಿ ಮುಗಿಯುತ್ತದೆ. ಗ್ರಾಮಸಭೆಯ ಅವಧಿ ಮುಗಿಯುವುದಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು ಎಂದು ಸಂವಿಧಾನವೇ ಹೇಳುತ್ತದೆ. ಆಡಳಿತಾಧಿಕಾರಿ ಬಂದ ಕಾಲದಲ್ಲೂ ಊರಿನವರಿಗೆ ಉಳಿಯುವ ವೇದಿಕೆ ಅದೊಂದೇ. ನಗರದಲ್ಲಿ ಅದಕ್ಕೆ ಸಮನಾದದ್ದು ಇಲ್ಲ. 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರಿರುವ ಕಡೆ ವಾರ್ಡ್ ಸಮಿತಿ ಇರಬೇಕು, ನಿಜ. ರಾಜ್ಯದ ಕಾಯ್ದೆಯಂತೆ ಅದರಲ್ಲಿ ಹತ್ತು ಮಂದಿ ನಾಮನಿರ್ದೇಶಿತರು, ಕಾರ್ಪೊರೇಟರ್ ಅಧ್ಯಕ್ಷ. ಕಾರ್ಪೊರೇಟರೇ ಇಲ್ಲದಿದ್ದರೆ ಸಮಿತಿಗೆ ತಲೆಯೂ ಇಲ್ಲ.

ಸೇರಬೇಕು ಎನ್ನುವವರ ವಾದ

ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಹೊರವಲಯದ ಬಡಾವಣೆಗಳಿಗೆ ನಕ್ಷೆ ಮಂಜೂರಾತಿ ಕೊಡುವುದು ಅಭಿವೃದ್ಧಿ ಪ್ರಾಧಿಕಾರ. ಹಿಂದೆ ಮುಡಾ, ಈಗ ಎಂಡಿಎ. ಬಡಾವಣೆ ಮಾಡಿದವರು ರಸ್ತೆ, ಒಳಚರಂಡಿ, ನೀರು, ವಿದ್ಯುತ್ ಕೆಲಸ ಮುಗಿಸಿದಂತೆ ಹಂತ ಹಂತವಾಗಿ ಸೈಟುಗಳನ್ನು ಬಿಡುಗಡೆ ಮಾಡಬೇಕು, ಕೊನೆಗೆ ಬಡಾವಣೆಯನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರಿಸಬೇಕು. ತೊಡಕು ಬರುವುದು ಹಸ್ತಾಂತರದಲ್ಲಿ. ಕೆಲಸ ಪೂರ್ತಿಯಾಗಿಲ್ಲ ಎಂದು ಪಂಚಾಯಿತಿ ಒಪ್ಪಿಕೊಳ್ಳುವುದಿಲ್ಲ. ಒಪ್ಪಿಕೊಂಡರೂ ನಡೆಸಲು ಅದಕ್ಕೆ ಎಂಜಿನಿಯರ್ ಇಲ್ಲ, ಸಕ್ಕಿಂಗ್ ಯಂತ್ರ ಇಲ್ಲ. ಬೀದಿದೀಪ ಕೆಟ್ಟರೆ ಪ್ರಾಧಿಕಾರ ಪಂಚಾಯಿತಿಯನ್ನು ತೋರಿಸುತ್ತದೆ, ಪಂಚಾಯಿತಿ ಬಡಾವಣೆಯವರನ್ನು, ಅವರು ವಿದ್ಯುತ್ ಕಂಪನಿ ಸೆಸ್ಕ್ ಅನ್ನು.

ಒಳಚರಂಡಿಯ ಮಾತು ಇನ್ನೂ ಗಂಭೀರ. ಕೊಳಚೆ ಹರಿಯುವುದು ಭೂಮಿಯ ಇಳಿಜಾರು ನೋಡಿಕೊಂಡು, ಪಂಚಾಯಿತಿ ಗಡಿ ನೋಡಿಕೊಂಡಲ್ಲ. ಮೈಸೂರಿನ ಶುದ್ಧೀಕರಣ ಘಟಕಗಳು ಇರುವುದು ಕೆಸರೆ, ವಿದ್ಯಾರಣ್ಯಪುರಂ, ರಾಯನಕೆರೆ ಕಡೆ. ಹೊಸ ಬಡಾವಣೆಯ ಒಳಗೆ ಪೈಪು ಹಾಕಿ, ಅದನ್ನು ಮುಖ್ಯ ಕೊಳವೆಗೆ ಸೇರಿಸದೆ ಬಿಟ್ಟರೆ ತಗ್ಗಿನ ಮ್ಯಾನ್‌ಹೋಲ್ ಉಕ್ಕಿ ಕೆರೆಗೆ ಹರಿಯುತ್ತದೆ. ಎರಡು-ಮೂರು ಸ್ಥಳೀಯ ಸಂಸ್ಥೆಗಳ ಗಡಿ ದಾಟಿ ಕೊಳವೆ ಎಳೆಯುವ ಕೆಲಸವನ್ನು ಯಾವ ಗ್ರಾಮ ಪಂಚಾಯಿತಿಯೂ ಒಂಟಿಯಾಗಿ ಮಾಡಲಾರದು. ಕುಡಿಯುವ ನೀರೂ ಹಾಗೆಯೇ. ಹಳೆ ಉಂಡವಾಡಿಯಿಂದ ಕಾವೇರಿ ನೀರು ತರುವ ಯೋಜನೆ ಹೊರವಲಯವನ್ನೂ ಲೆಕ್ಕಕ್ಕೆ ಹಿಡಿದೇ ರೂಪುಗೊಂಡದ್ದು.

ಎರಡೂ ವಾದದಲ್ಲಿ ಹುರುಳಿದೆ. ಹಾಗಾಗಿ ಸೇರಬೇಕೋ ಬೇಡವೋ ಎಂಬುದು ತಪ್ಪು ಪ್ರಶ್ನೆ. ದೊಡ್ಡ ಕೊಳವೆಗೆ ದೊಡ್ಡ ಸಂಸ್ಥೆ ಬೇಕು, ಸಣ್ಣ ನಲ್ಲಿಗೆ ಹತ್ತಿರದ ಮನುಷ್ಯ ಬೇಕು. ಮೊದಲನೆಯದನ್ನು ಕೊಡುತ್ತೇವೆ ಎನ್ನುವವರು ಎರಡನೆಯದಕ್ಕೆ ಏನು ಮಾಡುತ್ತಾರೆ ಎಂದು ಕೇಳಬೇಕು. ಈಗಿನ ಪ್ರಸ್ತಾವದ ಚರ್ಚೆಯಲ್ಲಿ ಕೊಳವೆ, ರಿಂಗ್ ರಸ್ತೆ, ಅನುದಾನ ಎಲ್ಲವೂ ಕೇಳಿಸುತ್ತದೆ. ವಾರ್ಡ್ ಸಮಿತಿಯ ಹೆಸರು ಕೇಳಿಸುವುದು ಅಪರೂಪ.

ಆಡಳಿತಾಧಿಕಾರಿ ಇದ್ದರೆ ಕೆಡುವುದೇನು?

‘ಕಾರ್ಪೊರೇಟರ್ ಇಲ್ಲದಿದ್ದರೇ ವಾಸಿ, ಪರ್ಸೆಂಟೇಜ್ ಉಳಿಯಿತು’ ಎನ್ನುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರ ಸಿಟ್ಟಿಗೆ ಕಾರಣವಿಲ್ಲದಿಲ್ಲ. ಕಸ ಎತ್ತುವುದು, ನೀರು ಬಿಡುವುದು, ಸಂಬಳ ಕೊಡುವುದು ಯಾವುದೂ ನಿಂತಿಲ್ಲ ಎನ್ನುವುದೂ ನಿಜ. ದಿನನಿತ್ಯದ ಕೆಲಸ ಕೌನ್ಸಿಲ್‌ನಿಂದ ನಡೆಯುವುದಲ್ಲ, ನೌಕರರಿಂದ.

ನಿಂತಿರುವುದು ಪ್ರಶ್ನೆ ಕೇಳುವ ಕೆಲಸ. ಪಾಲಿಕೆಯಲ್ಲಿ ನಾಲ್ಕು ಸ್ಥಾಯಿ ಸಮಿತಿಗಳಿರಬೇಕು: ತೆರಿಗೆ ಮತ್ತು ಹಣಕಾಸು, ಆರೋಗ್ಯ, ನಗರ ಯೋಜನೆ, ಲೆಕ್ಕಪತ್ರ. ಆಯುಕ್ತರು ತಂದ ಬಜೆಟ್ ಹಣಕಾಸು ಸಮಿತಿಗೆ ಹೋಗಿ, ಕೌನ್ಸಿಲ್‌ನಲ್ಲಿ ಚರ್ಚೆಯಾಗಿ ಅಂಗೀಕಾರವಾಗಬೇಕು. ಖರ್ಚಾದ ಹಣವನ್ನು ಲೆಕ್ಕಪತ್ರ ಸಮಿತಿ ನೋಡಬೇಕು. ಕೌನ್ಸಿಲ್ ಇಲ್ಲದಾಗ ಪ್ರಸ್ತಾವ ಮಾಡುವ ಮೇಜೂ ಒಪ್ಪಿಗೆ ಕೊಡುವ ಮೇಜೂ ಸರ್ಕಾರಿ ಅಧಿಕಾರಿಗಳದ್ದೇ. ಅವರು ಪ್ರಾಮಾಣಿಕರೇ ಇರಬಹುದು, ಚುರುಕಾಗಿಯೂ ಇರಬಹುದು. ಆದರೆ ಅವರು ಉತ್ತರ ಕೊಡಬೇಕಾದ್ದು ಮೇಲಕ್ಕೆ, ಬೆಂಗಳೂರಿಗೆ. ಬಹುತೇಕ ಅವರಿಗೆ ಬೇರೊಂದು ಹುದ್ದೆಯ ಹೊಣೆಯೂ ಇರುತ್ತದೆ. 42ನೇ ವಾರ್ಡಿನ ಮೂರನೇ ಕ್ರಾಸಿನ ಮೋರಿ ಆ ಮೇಜಿನ ಮೇಲೆ ಕಾಣುವುದು ಫೋಟೊ ಪತ್ರಿಕೆಯಲ್ಲಿ ಬಂದಾಗ ಮಾತ್ರ.

ವಿಚಿತ್ರವೆಂದರೆ, ಗ್ರಾಮ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ಅಬ್ದುಲ್ ನಜೀರ್ ಸಾಬ್ ಸಂಸ್ಥೆ ಇರುವುದೂ ಮೈಸೂರಿನಲ್ಲೇ. 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಕಂಡ ಸಂಸ್ಥಾನದ ರಾಜಧಾನಿಯೂ ಇದೇ.

ಹಣ ಎಲ್ಲಿ ತಪ್ಪುತ್ತದೆ

ಸ್ಥಳೀಯ ಸಂಸ್ಥೆಗೆ ಹಣ ಬರುವುದು ಮೂರು ದಾರಿಯಲ್ಲಿ: ತನ್ನದೇ ತೆರಿಗೆ, ರಾಜ್ಯದ ಅನುದಾನ, ಕೇಂದ್ರ ಹಣಕಾಸು ಆಯೋಗದ ಅನುದಾನ. ಚುನಾವಣೆಗೂ ಹಣಕ್ಕೂ ನೇರ ನಂಟಿರುವುದು ಮೂರನೆಯದರಲ್ಲಿ. 2026ರ ಮಾರ್ಚ್‌ವರೆಗಿನ 15ನೇ ಹಣಕಾಸು ಆಯೋಗದ ಅವಧಿಯಲ್ಲಿ ಪಂಚಾಯಿತಿಗಳ ಹಣದಲ್ಲಿ 60 ಶೇಕಡಾ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಮೀಸಲು, ಉಳಿದ 40 ಶೇಕಡಾ ಊರಿನ ತೀರ್ಮಾನಕ್ಕೆ. ಆದರೆ ಚುನಾಯಿತ ಮಂಡಳಿ ಇರುವ ಸಂಸ್ಥೆಗೆ ಮಾತ್ರ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಪಾಲು ಕೈತಪ್ಪಿದ್ದು ಈ ಷರತ್ತಿನಿಂದ. 2026ರ ಏಪ್ರಿಲ್‌ನಿಂದ ಅನ್ವಯವಾಗುವ 16ನೇ ಆಯೋಗವೂ ಇದನ್ನು ಬಿಟ್ಟಿಲ್ಲ. ಸಂವಿಧಾನದಂತೆ ರಚನೆಯಾದ ಮಂಡಳಿ, ಜನರಿಗೆ ಕಾಣುವಂತೆ ಪ್ರಕಟವಾದ ಲೆಕ್ಕಪತ್ರ, ಸಕಾಲದ ರಾಜ್ಯ ಹಣಕಾಸು ಆಯೋಗ, ಈ ಮೂರು ಅದರ ಹೊಸ್ತಿಲು. ಗ್ರಾಮ ಪಂಚಾಯಿತಿಗಳೂ ಖಾಲಿಯಾಗಿ ಕೂತರೆ ನಷ್ಟ ಈಗ ಕೆಳಗಿನ ಹಂತಕ್ಕೂ ಇಳಿಯುತ್ತದೆ. ಹಳ್ಳಿಯಲ್ಲಿ ಅದು ಕಾಣುವುದು ಸುಟ್ಟ ಮೋಟಾರಿಗೆ ದುಡ್ಡಿಲ್ಲದ ರೂಪದಲ್ಲಿ.

ಈ ಮಧ್ಯೆ ಜನ ಮಾಡಬಹುದಾದ್ದು

ಸದಸ್ಯರಿಲ್ಲದ ಕಾಲದಲ್ಲಿ ದಾಖಲೆಯೇ ಸದಸ್ಯ. ಬಾಯಿಮಾತಿನ ದೂರಿಗೆ ಬೆಲೆ ಕಡಿಮೆ.

ಗ್ರಾಮಸಭೆಯಿಂದ ಶುರುಮಾಡೋಣ. ಕನಿಷ್ಠ ಆರು ತಿಂಗಳಿಗೊಮ್ಮೆ ಸೇರಬೇಕು, ಕೋರಂ ಬೇಕು, ನೋಡಲ್ ಅಧಿಕಾರಿ ಇರಬೇಕು. ಸಾಮಾನ್ಯವಾಗಿ ಹಾಳಾಗುವುದು ಎರಡು ಕಡೆ. ಒಂದು, ಬೇಡಿಕೆ ಹೇಳುವ ರೀತಿ. ‘ನಮ್ಮ ಬೀದಿಗೆ ಚರಂಡಿ ಮಾಡಿಸಿಕೊಡಿ’ ಎಂದರೆ ನಡಾವಳಿಯಲ್ಲಿ ‘ಚರಂಡಿ ಬಗ್ಗೆ ಚರ್ಚಿಸಲಾಯಿತು’ ಎಂದು ಬರುತ್ತದೆ, ಮುಗಿಯಿತು. ‘ಮಾರಮ್ಮನ ಗುಡಿಯಿಂದ ಹಾಲಿನ ಡೇರಿಯವರೆಗೆ 120 ಮೀಟರ್ ಚರಂಡಿ, ನೀರು ಕೊನೆಗೆ ಸೇರುವುದು ಊರ ಮುಂದಿನ ಹಳ್ಳಕ್ಕೆ’ ಎಂದು ಬರೆದು ಕೊಟ್ಟರೆ ಅದು ಹಾಗೆಯೇ ಕ್ರಿಯಾ ಯೋಜನೆಯ ಸಾಲಾಗಬಲ್ಲದು. ಎರಡು, ನಡಾವಳಿ. ಖಾಲಿ ಪುಟಕ್ಕೆ ಸಹಿ ಹಾಕಿಸಿಕೊಂಡು ಆಮೇಲೆ ಕಚೇರಿಯಲ್ಲಿ ತುಂಬುವ ಚಾಳಿ ಎಲ್ಲ ಕಡೆ ಇದೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಠರಾವುಗಳನ್ನು ಗಟ್ಟಿಯಾಗಿ ಓದಿದ ಮೇಲೆಯೇ ಸಹಿ ಎಂದು ನಾಲ್ಕು ಜನ ಪಟ್ಟುಹಿಡಿದರೆ ಸಾಕು, ಜಗಳ ಬೇಕಿಲ್ಲ. ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಗೆ ಹೋಗುವವರು ಇನ್ನೂ ಕಡಿಮೆ. ಪಂಚಾಯಿತಿಯ ವರ್ಷದ ಜಮಾ-ಖರ್ಚನ್ನು ಎದುರಿಗೇ ತೆರೆದಿಡಬೇಕಾದ ಸಭೆ ಅದು. ಹೋಗುವ ಮೊದಲು ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ನಿಮ್ಮ ಪಂಚಾಯಿತಿಯ ಪಾವತಿಗಳನ್ನು ನೋಡಿಕೊಂಡು ಹೋದರೆ ಯಾವ ಕೆಲಸದ ಬಗ್ಗೆ ಕೇಳಬೇಕು ಎಂಬುದು ಗೊತ್ತಿರುತ್ತದೆ.

ಕೆಲಸದ ಗುಣಮಟ್ಟ ನೋಡುವುದಕ್ಕೆ ಎಂಜಿನಿಯರ್ ಆಗಬೇಕಾಗಿಲ್ಲ. ಒಂದು ಸಿಸಿ ರಸ್ತೆ ತೆಗೆದುಕೊಳ್ಳಿ: 100 ಮೀಟರ್ ಉದ್ದ, 3 ಮೀಟರ್ ಅಗಲ, ಅಂದಾಜಿನಲ್ಲಿ 15 ಸೆಂಟಿಮೀಟರ್ ದಪ್ಪ. ಗುಣಿಸಿದರೆ 45 ಘನ ಮೀಟರ್ ಕಾಂಕ್ರೀಟ್. ಸ್ಥಳದಲ್ಲಿ 10 ಸೆಂಟಿಮೀಟರ್ ಮಾತ್ರ ಹಾಕಿದರೆ 30 ಘನ ಮೀಟರ್. ಮೂರರಲ್ಲಿ ಒಂದು ಪಾಲು ಮಾಯ, ಮೇಲಿನಿಂದ ನೋಡಿದರೆ ರಸ್ತೆ ಒಂದೇ ಥರ ಕಾಣುತ್ತದೆ. ಇದನ್ನು ಹಿಡಿಯಬೇಕಾದ್ದು ಕಾಂಕ್ರೀಟ್ ಹಾಕುವ ಮೊದಲು. ಪಕ್ಕಕ್ಕೆ ಕಟ್ಟಿದ ಹಲಗೆ ಅಥವಾ ಕಬ್ಬಿಣದ ಪಟ್ಟಿಯ ಎತ್ತರವನ್ನು ಟೇಪಿನಲ್ಲಿ ಅಳೆದು, ಟೇಪ್ ಕಾಣುವಂತೆ ಫೋಟೊ ತೆಗೆದಿಡಿ. ಅಂಚಿನಲ್ಲಷ್ಟೇ ಸರಿಯಾಗಿಟ್ಟು ನಡುವೆ ಮಣ್ಣು ಉಬ್ಬಿಸುವ ಉಪಾಯವೂ ಉಂಟು. ಎರಡು ಅಂಚಿಗೆ ಅಡ್ಡಲಾಗಿ ದಾರ ಎಳೆದು ನಡುವೆಯೂ ಅಳೆಯಿರಿ. ಹಾಕಿದ ಮೇಲೆ ಕನಿಷ್ಠ ಒಂದು ವಾರ, ಸಾಧ್ಯವಾದರೆ ಎರಡು ವಾರ ನೀರು ಉಣಿಸಬೇಕು. ಏಪ್ರಿಲ್ ಬಿಸಿಲಿನಲ್ಲಿ ಮೂರೇ ದಿನಕ್ಕೆ ಗೋಣಿಚೀಲ ತೆಗೆದರೆ ಮುಂದಿನ ಮಳೆಗಾಲಕ್ಕೆ ಮೇಲ್ಪದರ ಪುಡಿಪುಡಿ.

ಚರಂಡಿಗೆ ಮುಖ್ಯ ಓಟ. ನೂರು ಮೀಟರಿಗೆ ಅರ್ಧ ಮೀಟರಿನಷ್ಟು ಇಳಿಜಾರು ಸಿಕ್ಕರೆ ನೀರು ತಾನಾಗಿ ಹೋಗುತ್ತದೆ. ಮೇಲ್ತುದಿಯಲ್ಲಿ ನಾಲ್ಕು ಬಿಂದಿಗೆ ನೀರು ಸುರಿದು ಎಲ್ಲಿ ನಿಲ್ಲುತ್ತದೆ ನೋಡಿ. ನಿಂತ ಜಾಗದಲ್ಲೇ ಮುಂದೆ ಸೊಳ್ಳೆ. ನಮ್ಮ ಊರುಗಳಲ್ಲಿ ಬಹುಪಾಲು ಚರಂಡಿ ಕೆಡುವುದು ಸಿಮೆಂಟಿನಿಂದಲ್ಲ, ಕೊನೆ ಇಲ್ಲದ್ದರಿಂದ. ಅನುದಾನ 80 ಮೀಟರಿಗೆ ಮುಗಿದಿರುತ್ತದೆ, ಹಳ್ಳ ಇನ್ನೂ 40 ಮೀಟರ್ ಆಚೆಗಿರುತ್ತದೆ.

ಅನುಮಾನ ಬಂದರೆ ಮಾಹಿತಿ ಹಕ್ಕು. ಶುಲ್ಕ ₹10, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಇದರಿಂದಲೇ, ಒಂದರಲ್ಲೇ ರಸ್ತೆ, ನೀರು, ಖಾತೆ ಎಲ್ಲ ಕೇಳುತ್ತಾರೆ. ‘ಯಾಕೆ ಕಳಪೆಯಾಗಿದೆ?’ ಎಂದು ಕೇಳಬಾರದು, ಅದು ಮಾಹಿತಿಯಲ್ಲ, ಅಭಿಪ್ರಾಯ. ಇಂಥ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿಸಿದ ಪುಟಗಳು ಮತ್ತು ಪಾವತಿ ಬಿಲ್ಲಿನ ದೃಢೀಕೃತ ಪ್ರತಿ ಕೊಡಿ ಎನ್ನಬೇಕು. ಅಳತೆ ಪುಸ್ತಕದಲ್ಲಿ 0.15 ಎಂದಿದ್ದು ನಿಮ್ಮ ಫೋಟೊದಲ್ಲಿ ಟೇಪು 10 ತೋರಿಸಿದರೆ ಆಮೇಲೆ ವಾದಕ್ಕೆ ಜಾಗವಿಲ್ಲ. ಉತ್ತರ ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಖಾತೆ, ಪ್ರಮಾಣಪತ್ರದಂಥ ಸೇವೆಗೆ ಅರ್ಜಿ ಹಾಕುವಾಗ, ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ಸಕಾಲ ಕಾಯ್ದೆಯಡಿಯ ಸಂಖ್ಯೆ ಕೇಳಿ ಪಡೆಯಿರಿ. ತಡವಾದರೆ ದಿನಕ್ಕೆ ₹20, ಗರಿಷ್ಠ ₹500 ಪರಿಹಾರ. ಮೊತ್ತ ಚಿಕ್ಕದು, ಅಧಿಕಾರಿಯ ಹೆಸರಿಗೆ ದಾಖಲಾಗುವುದರಿಂದ ಬಿಸಿ ತಟ್ಟುತ್ತದೆ.

ನಗರದಲ್ಲಿ ಮೊದಲು ಗೊತ್ತಿರಬೇಕಾದ್ದು ಯಾವುದಕ್ಕೆ ಯಾರು ಎನ್ನುವುದು. ನಲ್ಲಿ ನೀರು ಪಾಲಿಕೆಯ ವಾಣಿವಿಲಾಸ ನೀರು ಸರಬರಾಜು ವಿಭಾಗಕ್ಕೆ, ಕಸ ವಲಯ ಕಚೇರಿಯ ಆರೋಗ್ಯ ನಿರೀಕ್ಷಕರಿಗೆ, ವಿದ್ಯುತ್ ಕಂಬ-ತಂತಿ ಸೆಸ್ಕ್‌ಗೆ, ಅದೇ ಕಂಬದ ಬೀದಿದೀಪ ಪಾಲಿಕೆಗೆ, ಹಸ್ತಾಂತರವಾಗದ ಬಡಾವಣೆ ಎಂಡಿಎಗೆ. ನಿವಾಸಿಗಳ ಸಂಘ ಮೊದಲು ಕೇಳಬೇಕಾದ ಕಾಗದ ಬಡಾವಣೆಯ ಹಸ್ತಾಂತರ ಪತ್ರ. ಅದಿಲ್ಲದೆ ಉಳಿದ ಅರ್ಜಿಗಳೆಲ್ಲ ಕಚೇರಿಯಿಂದ ಕಚೇರಿಗೆ ಚೆಂಡಾಟ. ಜನ ಕೈಜೋಡಿಸಿದರೆ ದಿನಗೆಲಸವೇ ನಡೆಸಬಹುದು ಎಂಬುದಕ್ಕೆ ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕ ಇದೆ. ಮೂಲದಲ್ಲೇ ಬೇರ್ಪಡಿಸಿದ ಕಸದಿಂದ ಗೊಬ್ಬರ ಮಾಡಿ, ಉಳಿದದ್ದನ್ನು ವಿಂಗಡಿಸಿ ಮಾರಿ ನಡೆಸುವ ಮಾದರಿ ಅದು. ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೈಸೂರು ಮೊದಲ ಸ್ಥಾನಕ್ಕೆ ಏರಿದ ವರ್ಷಗಳಲ್ಲಿ ಇಂಥ ಕೆಲಸಕ್ಕೂ ಪಾಲಿತ್ತು.

ಕರಡು ಬಂದ ದಿನ

ಗಡಿ ಬದಲಾವಣೆಯ ಕರಡು ಅಧಿಸೂಚನೆ ಬಂದಾಗ ಆಕ್ಷೇಪಣೆಗೆ ಸಾಮಾನ್ಯವಾಗಿ 30 ದಿನ ಸಿಗುತ್ತದೆ, ವಾರ್ಡ್ ವಿಂಗಡಣೆಯ ಕರಡಿಗೆ ಅದಕ್ಕಿಂತ ಕಡಿಮೆ. ನೂರು ಜನರ ಸಹಿ ಇರುವ ‘ನಮಗೆ ಬೇಡ’ ಎಂಬ ಒಂದು ಪತ್ರಕ್ಕಿಂತ, ಸರ್ವೆ ನಂಬರ್, ಬೇಸಾಯದ ಮೇಲೆ ನಿಂತ ಮನೆಗಳ ಲೆಕ್ಕ, ಈಗಿನ ನೀರಿನ ಮೂಲ ಹಾಕಿ ಬರೆದ ಹತ್ತು ಪ್ರತ್ಯೇಕ ಪತ್ರಗಳಿಗೆ ತೂಕ ಹೆಚ್ಚು. ಜೊತೆಗೆ ಗ್ರಾಮಸಭೆಯ ಠರಾವಿನ ಪ್ರತಿ ಇರಲಿ, ಪರವಾಗಿರಲಿ ವಿರೋಧವಾಗಿರಲಿ. ಕಚೇರಿಯ ಮೊಹರು ಹಾಕಿಸಿದ ಸ್ವೀಕೃತಿ ಇಟ್ಟುಕೊಳ್ಳಿ. ಮುಂದೆ ಹೈಕೋರ್ಟಿಗೆ ಹೋಗಬೇಕಾಗಿ ಬಂದರೆ ಮೊದಲು ಕೇಳುವುದೇ ಅದನ್ನು.

ವಾರ್ಡ್ ಕರಡಿನಲ್ಲಿ ಗಡಿಯನ್ನು ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ಎಂದು ರಸ್ತೆಗಳ ಹೆಸರಿನಲ್ಲಿ ಬರೆದಿರುತ್ತಾರೆ, ನಕ್ಷೆ ಮಸುಕಾಗಿರುತ್ತದೆ. ಆ ನಾಲ್ಕು ಸಾಲನ್ನು ಹಿಡಿದು ಬೀದಿಯಲ್ಲಿ ಒಮ್ಮೆ ನಡೆದು ನೋಡಿ. ರಸ್ತೆಯ ಎಡಬದಿ ಒಂದು ವಾರ್ಡು, ಬಲಬದಿ ಇನ್ನೊಂದು ಎಂದಿದ್ದರೆ ನಾಳೆ ಆ ರಸ್ತೆಗೆ ಎರಡೂ ಕಡೆಯವರು ದುಡ್ಡು ಹಾಕುವುದಿಲ್ಲ. ಆಮೇಲೆ ಬರುವ ವಾರ್ಡುವಾರು ಮತದಾರರ ಪಟ್ಟಿ ವಿಧಾನಸಭೆಯ ಪಟ್ಟಿಯನ್ನು ತುಂಡರಿಸಿ ಮಾಡಿದ್ದು. ತುಂಡರಿಸುವಾಗ ಅರ್ಧ ಬೀದಿ ಪಕ್ಕದ ವಾರ್ಡಿಗೆ ಜಾರುವುದು ಸಾಮಾನ್ಯ. ಪಟ್ಟಿ ನೋಟಿಸ್ ಬೋರ್ಡಿಗೆ ಬಂದಾಗ ಹುಡುಕಬೇಕಾದ್ದು ನಿಮ್ಮ ಹೆಸರನ್ನಷ್ಟೇ ಅಲ್ಲ. ಬೀದಿಯ ಮೊದಲನೇ ಮನೆ ಮತ್ತು ಕೊನೇ ಮನೆ ಎರಡೂ ಒಂದೇ ವಾರ್ಡಿನಲ್ಲಿವೆಯೇ ನೋಡಿ, ಇಲ್ಲದಿದ್ದರೆ ಗಡುವಿನೊಳಗೆ ಲಿಖಿತ ಆಕ್ಷೇಪಣೆ ಕೊಡಿ.